ರೊಗಾತನ ಮೈ ತೊಳೆದವಳು

ಬಿರಿಕ್ತಾಳ ಮುಖ ನೋಡುವ ಮೊದಲು ಕಾಲು ನೋಡಿದವರು ಅವಳ ಕಸುಬು ಯಾವುದೆಂದು ಹೇಳಿಬಿಡುತ್ತಿದ್ದರು. ಥಿಸಾರದ ಅಗಸರ ಕೇರಿಯಲ್ಲಿ ಮೂವತ್ತು ವರ್ಷ ಕಲ್ಲುತೊಟ್ಟಿಯೊಳಗೆ ನಿಂತು, ಹುಳಿತ ಉಚ್ಚೆ ಬೆರೆಸಿದ ನೀರಿನಲ್ಲಿ ಊರವರ ಉಣ್ಣೆ ಬಟ್ಟೆ ತುಳಿದ ಕಾಲು ಅದು. ಹಿಮ್ಮಡಿ ಸೀಳಿತ್ತು, ಬೆರಳ ಸಂದು ಬೆಳ್ಳಗೆ ಬೆಂದುಹೋಗಿತ್ತು. ಸಂಜೆ ಮನೆಗೆ ಬಂದವಳೇ ಆಲಿವ್ ಎಣ್ಣೆಯ ಗಸಿ ಹಚ್ಚಿ, ಹಳೆಯ ಚಿಂದಿ ಸುತ್ತಿ, ಕಾಲು ಚಾಚಿ ಕೂತುಬಿಡುತ್ತಿದ್ದಳು.

ಪಕ್ಕದ ತೊಟ್ಟಿಯಲ್ಲಿ ತುಳಿಯುತ್ತಿದ್ದವನು ರೊಗಾತ. ಗಿಡ್ಡ ಆಳು, ದಪ್ಪ ಕತ್ತು, ಒಡಕು ಗಂಟಲು. ಹೆಜ್ಜೆ ತಪ್ಪದಿರಲೆಂದು ಅಗಸರು ಹಾಡು ಹೇಳಿಕೊಂಡು ತುಳಿಯುವುದು ವಾಡಿಕೆ. ರೊಗಾತ ಬಾಯಿ ತೆರೆದರೆ ಮಾತ್ರ ಎಲ್ಲರ ಹೆಜ್ಜೆಯೂ ತಪ್ಪುತ್ತಿತ್ತು.

"ಅಣ್ಣಾ, ನೀನು ಸುಮ್ಕಿರಪ್ಪ. ನಿನ್ ಹಾಡು ಕೇಳಿ ಕೊಳೆ ಬಿಡೋ ಬಟ್ಟೇನೂ ಹೆದರ್ಕೊಂಡು ಗಟ್ಟಿಯಾಗಿ ಹಿಡ್ಕೊಂತದೆ," ಎಂದು ಬಿರಿಕ್ತಾ ಕೆಣಕುವಳು.

"ನೀನ್ ಹಾಡಿದ್ರೆ ಬಂದರಲ್ಲಿರೋ ಹಡಗೆಲ್ಲ ಲಂಗರು ಎತ್ತುತವೆ ಕಣೆ, ಕಹಳೆ ಊದಿದ್ರು ಅಂತ," ಎಂದು ಅವನು ತಿರುಗಿಸುವನು.

ಬಿರಿಕ್ತಾಳ ಗಂಡ ಗಂಧಕದ ಹೊಗೆ ಕೊಟ್ಟು ಬಟ್ಟೆ ಬಿಳುಪು ಮಾಡುವವನು. ಆ ಹೊಗೆಯೇ ಅವನ ಎದೆ ತಿಂದಿತು. ಅವನು ಸತ್ತಾಗ ಮಗಳು ಸಾನಾಮೆಗೆ ಎರಡು ವರ್ಷ. ರೊಗಾತ ಅಷ್ಟು ಹೊತ್ತಿಗೆ ಕ್ರಿಸ್ತನವರ ಸಭೆ ಸೇರಿದ್ದ. ಆ ಸಭೆಯ ಹೆಂಗಸರು, ಗುರುತು ಪರಿಚಯ ಇಲ್ಲದವರು, ಸರದಿಯ ಮೇಲೆ ಬಂದು ಬಾರ್ಲಿ ಗಂಜಿ ಇಟ್ಟು, ಮಗುವಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದರು.

"ಇವರ್ಯಾಕಣ್ಣ ನಂಗೆ ಮಾಡ್ತಾರೆ? ನಾನೇನಾಗ್ಬೇಕು ಇವರಿಗೆ?"

"ನಂಗೂ ಮೊದ್ಲು ತಿಳೀಲಿಲ್ಲ. ಬಂದು ನೋಡು," ಎಂದಿದ್ದ ರೊಗಾತ.

ಹೋಗಿ ನೋಡಿದಳು. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದಳು. ಕೊನೆಗೆ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನೀರಿಗಿಳಿದು ದೀಕ್ಷಾಸ್ನಾನ ಪಡೆದಳು. ಆ ದಿನದಿಂದ ಪ್ರಭುವಿನ ಮೇಜಿನ ರೊಟ್ಟಿಯಲ್ಲಿ ಅವಳಿಗೂ ಒಂದು ತುಂಡು ಸಿಕ್ಕಿತು. ಊರಿನಲ್ಲಿ ಯಾರೂ ಅವಳ ಕೈಯಿಂದ ಏನೂ ತಿನ್ನುತ್ತಿರಲಿಲ್ಲ. ಇಲ್ಲಿ ಎಣ್ಣೆಗಾಣದ ಒಡತಿಯೇ ಪಕ್ಕದಲ್ಲಿ ನಿಂತು ಅವಳ ಕೆನ್ನೆಗೆ ಮುತ್ತಿಟ್ಟು "ಸಮಾಧಾನ ಅಕ್ಕ" ಎನ್ನುತ್ತಿದ್ದಳು.

ಸಭೆಯ ಹಳೆಯ ಬಿಷಪರು ತೀರಿಕೊಂಡಾಗ ಜನ ಒಂದೇ ಬಾಯಲ್ಲಿ ರೊಗಾತನ ಹೆಸರು ಕೂಗಿದರು. ಅಗಸನೊಬ್ಬ ಬಿಷಪ್ ಆದನೆಂದು ಊರು ನಕ್ಕಿತು. ಸಭೆಯವರೆಲ್ಲ ಅಂದಿನಿಂದ ಅವನನ್ನು ಅಪ್ಪ ಎಂದರು. ಬಿರಿಕ್ತಾಳ ನಾಲಿಗೆ ಮಾತ್ರ ಹೊರಳಲಿಲ್ಲ. ಸಭೆಯ ಸೇವಕ ಗುದುದ, ಲ್ಯಾಟಿನ್ ಮೇಷ್ಟರ ಮಗ, ನೀಟು ಮನುಷ್ಯ, ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ತಿದ್ದಿದ.

"ಅಕ್ಕ, ಅಣ್ಣ ಅನ್ಬಾರ್ದು. ಅಪ್ಪ ಅನ್ಬೇಕು."

"ಒಂದೇ ಉಚ್ಚೇಲಿ ಕಾಲು ಬೇಯಿಸ್ಕೊಂಡೋರು ಕಣಪ್ಪ ನಾವಿಬ್ರೂ. ಅಣ್ಣ ಅನ್ನೋದೇ ಜಾಸ್ತಿ ಆಯ್ತು."

ಒಳಗಿದ್ದ ರೊಗಾತ ಗಟ್ಟಿಯಾಗಿ ನಕ್ಕ. ಗುದುದ ನಗಲಿಲ್ಲ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಹೊಸ ಚಕ್ರವರ್ತಿಯ ಆಜ್ಞೆ ಕಾರ್ತೇಜ್ ನಗರದಿಂದ ಥಿಸಾರಕ್ಕೆ ಬಂದದ್ದು ಬಾದಾಮಿ ಹೂ ಬಿಡುವ ಕಾಲದಲ್ಲಿ. ಪ್ರತಿಯೊಬ್ಬರೂ ಗುಡ್ಡದ ಮೇಲಿನ ಗುಡಿಗೆ ಹೋಗಿ ದೇವತೆಗಳ ಮುಂದೆ ಧೂಪ ಹಾಕಬೇಕು, ಬಲಿಯ ಮಾಂಸ ತಿನ್ನಬೇಕು, ಹಾಗೆ ಮಾಡಿದ್ದಕ್ಕೆ ಚೀಟಿ ಪಡೆಯಬೇಕು. ಚೀಟಿ ಇಲ್ಲದವರಿಗೆ ಸೆರೆಮನೆ, ಚೀಟಿ ಪಡೆದ ಕ್ರಿಸ್ತನವರಿಗೆ ಪ್ರಭುವಿನ ಮೇಜಿನಲ್ಲಿ ಜಾಗವಿಲ್ಲ.

ರೊಗಾತ ಸಭೆ ಕರೆದು ಹೇಳಿದ: "ಬೆಟ್ಟದ ಕಡೆಗೆ ಹೋಗೋ ಶಕ್ತಿ ಇರೋರು ಹೋಗಿ. ಇಲ್ಲದೋರು ಇಲ್ಲೇ ಇರಿ. ಹೋದೋರ್ನ ಯಾರೂ ಹೇಡಿ ಅನ್ಬೇಡಿ. ನಾನಂತೂ ಎಲ್ಲಿಗೂ ಹೋಗಲ್ಲ. ಹಾಸಿಗೆ ಹಿಡಿದಿರೋ ಮುದುಕರು ಇಲ್ಲೇ ಅವ್ರೆ, ಅವರ್ನ ಬಿಟ್ಟು ಎಲ್ಲಿಗ್ ಹೋಗ್ಲಿ?"

ಸಾನಾಮೆಗೆ ಆಗ ತುಂಬಿದ ಒಂಬತ್ತು ತಿಂಗಳು. ಅವಳ ಗಂಡ ಕಲ್ಲುಕುಟಿಗ, ನಾಲ್ಕು ದಿನದ ದಾರಿಯ ಗಣಿಯಲ್ಲಿದ್ದ. ಧೂಪ ಹಾಕಲು ಮೊದಲ ದಿನ ಬಂದರಿನ ಬೀದಿಯ ಸರದಿ. ಎರಡನೆಯ ದಿನ ಚಮ್ಮಾರರದ್ದು. ಧೂಪ ಹಾಕಲೊಲ್ಲೆ ಎಂದ ಚಮ್ಮಾರನ ಹೆಂಡತಿಯನ್ನು ಕೂದಲು ಹಿಡಿದು ಮೆಟ್ಟಿಲ ಮೇಲೆ ಎಳೆದದ್ದನ್ನು ಬಿರಿಕ್ತಾ ಕಣ್ಣಾರೆ ಕಂಡಳು. ಮನೆಗೆ ಬಂದು ಮಗಳ ಹೊಟ್ಟೆ ನೋಡಿದಳು. ಮೂರನೆಯ ದಿನ ಅಗಸರ ಸರದಿ. ಸಾನಾಮೆ ಇನ್ನೂ ಮಲಗಿದ್ದಾಗಲೇ ಅವಳು ಎದ್ದು ಗುಡ್ಡ ಹತ್ತಿದಳು.

ಚೀಟಿ ಬರೆಯಲು ಕೂತಿದ್ದವನು ಗುಮಾಸ್ತ ಕಪಿತೊ. ಅವನ ಬಟ್ಟೆಗಳನ್ನು ಒಗೆಯುತ್ತಿದ್ದವಳು ಇವಳೇ.

"ಏನವ್ವ ಬಿರಿಕ್ತಾ, ನಿಂದೂ ಅದೇ ಹಟ ಅಂತ ಕೇಳ್ದೆ. ಒಂದ್ ಚಿಟಿಕೆ ಹಾಕ್ಬಿಟ್ಟು ಹೋಗು ಅತ್ಲಾಗೆ. ನನ್ ಹಬ್ಬದ ಬಟ್ಟೆ ನಿನ್ ತೊಟ್ಟೀಲೇ ನೆನೀತಾ ಐತೆ. ನೀನ್ ಸೆರೆಮನೆ ಸೇರಿದ್ರೆ ನಾನೇನ್ ಬೆತ್ತಲೆ ತಿರುಗ್ಲಾ?"

ಸಾಲಿನಲ್ಲಿದ್ದವರು ನಕ್ಕರು. ಆ ನಗೆಯ ನಡುವೆಯೇ ಅವಳ ಕೈ ಧೂಪದ ತಟ್ಟೆಗೆ ಹೋಯಿತು, ಕೆಂಡದ ಮೇಲೆ ಹೋಯಿತು, ಹೊಗೆ ಎದ್ದಿತು. ಮಾಂಸದ ತುಂಡನ್ನು ನುಂಗದೆ ದವಡೆಯಲ್ಲಿ ಒತ್ತಿಟ್ಟುಕೊಂಡಳು. ಕಾವಲಿನವನು "ಬಾಯಿ ತೆಗಿ" ಎಂದ. ನುಂಗಿ, ಬಾಯಿ ತೆರೆದು ತೋರಿಸಿದಳು.

"ಮಗಳು ಬಸುರಿ. ಹತ್ತೋಕಾಗಲ್ಲ. ಅವಳದ್ದೂ ನಾನೇ ಹಾಕ್ತೀನಿ," ಎಂದಳು. ಕಪಿತೊ ಇಬ್ಬರ ಹೆಸರನ್ನೂ ಬರೆದು ಮುದ್ರೆ ಒತ್ತಿದ.

ಮನೆಗೆ ಬಂದಾಗ ಸಾನಾಮೆ ಒಲೆಯ ಮುಂದೆ ಕೂತಿದ್ದಳು. ತಾಯಿಯ ಕೈಯಲ್ಲಿದ್ದ ಚೀಟಿ ಕಂಡಳು. ಓದಲು ಇಬ್ಬರಿಗೂ ಬಾರದು. ಆದರೆ ಮುದ್ರೆ ಗುರುತಾಗುತ್ತಿತ್ತು.

"ನನ್ ಹೆಸರೂನಾ ಅವ್ವ?"

"ಹೂಂ."

"ನನ್ ಕೇಳ್ದೆ?"

ಬಿರಿಕ್ತಾ ಚೀಟಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಸಾನಾಮೆ ಗೋಡೆಯ ಕಡೆ ತಿರುಗಿ ಮಲಗಿದಳು. ಆರು ದಿನಕ್ಕೆ ಹೆರಿಗೆಯಾಯಿತು, ಹೆಣ್ಣು ಮಗು. ಸೂಲಗಿತ್ತಿಯ ಜೊತೆ ಮಾತಾಡಿದಳು, ಮಗುವಿನ ಜೊತೆ ಮಾತಾಡಿದಳು, ತಾಯಿಯ ಜೊತೆ ಆಡಲಿಲ್ಲ.

ರೊಗಾತನನ್ನೂ ಗುದುದನನ್ನೂ ಒಂದೇ ದಿನ ಹಿಡಿದೊಯ್ದರು. ಸೆರೆಯಲ್ಲಿದ್ದವರಿಗೆ ಊಟ ಹೊರಗಿನಿಂದಲೇ ಹೋಗಬೇಕು. ಸಭೆಯಲ್ಲಿ ಉಳಿದವರು ಅತ್ತ ಸುಳಿದರೆ ತಮ್ಮನ್ನೂ ಒಳಗೆ ಹಾಕುತ್ತಾರೆಂದು ಅಂಜಿದರು. ಬಿರಿಕ್ತಾಳ ಬಳಿ ಚೀಟಿ ಇತ್ತು, ಅವಳನ್ನು ಯಾರು ಹಿಡಿದಾರು? ಮಧ್ಯಾಹ್ನದ ಬಿಸಿಲಲ್ಲಿ ಗಂಜಿಯ ಮಡಕೆ, ನಾಲ್ಕು ಒಣ ಅಂಜೂರ ಹಿಡಿದು ಹೋದಳು. ಬಾಗಿಲಲ್ಲಿದ್ದ ಕಾವಲಿನವನು ಎಲ್ಲಿಯೋ ಉತ್ತರದ ದೇಶದವನು, ಇಲ್ಲಿಯ ಮಾತು ಒಂದಕ್ಷರ ತಿಳಿಯದು. ಮಡಕೆಯೊಳಗೆ ಕೋಲು ಆಡಿಸಿ ನೋಡಿ ಬಿಟ್ಟ. ಗುದುದನನ್ನು ಆಗಷ್ಟೇ ವಿಚಾರಣೆಗೆಂದು ಬೇರೆ ಸೆರೆಗೆ ಎಳೆದೊಯ್ದಿದ್ದರು, ಮತ್ತೆ ಇಲ್ಲಿಗೆ ತರಲಿಲ್ಲ. ಕಂಬಿಯ ಹಿಂದೆ ರೊಗಾತ ಒಬ್ಬನೇ ಇದ್ದ, ಕಾಲುಗಳು ಮರದ ಕೋಳದಲ್ಲಿ.

"ನಾನು ಹಾಕ್ಬಿಟ್ಟೆ ಅಣ್ಣಾ," ಎಂದಳು, ಕುಶಲ ಕೇಳುವ ಮೊದಲೇ.

"ಗೊತ್ತು."

"ಸಾನಾಮೆ ಹೆಸರಲ್ಲೂ ಹಾಕ್ದೆ."

"ಅದೂ ಗೊತ್ತು. ಮಗು ಏನು?"

"ಹೆಣ್ಣು."

"ಹಾಲು ಕುಡೀತದಾ?"

"ಕುಡೀತದೆ. ಹೊಟ್ಟೆಬಾಕಿ."

ಅವನು ಗಂಜಿ ಕುಡಿದ. ಅರ್ಧ ಕುಡಿದು ಮಡಕೆ ಕೆಳಗಿಟ್ಟ.

"ಬಿರಿಕ್ತಾ, ಯಾರಾದ್ರೂ ಕಂಬಿ ಹತ್ರ ಬಂದ್ರೆ, ಅಪ್ಪಾ ಧೈರ್ಯವಾಗಿದೀಯಲ್ಲ, ನಿನ್ ನೋಡಿ ನಮಗೂ ಧೈರ್ಯ ಬಂತು ಅಂತಾರೆ. ಹೂಂ ಅಂತೀನಿ. ನಿನ್ ಹತ್ರ ಸುಳ್ಳು ಹೇಳೋಕಾಗಲ್ಲ. ಕತ್ತಿ ಅಂದ್ರೆ ನಂಗೆ ಬಾಳ ಭಯ ಕಣೆ."

"ಹಂಗಾದ್ರೆ ನೀನೂ ಒಂದ್ ಚಿಟಿಕೆ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಅವನಿಗೆ ಸಿಟ್ಟು ಬರಲಿಲ್ಲ. "ಆಸೆ ಆಗ್ತದೆ. ಆಗಲ್ಲ ಅಂದ್ರೆ ಸುಳ್ಳು. ಆದ್ರೆ ಅವರ ಮುಂದೆ ನಿಂತ ತಕ್ಷಣ ಬಾಯಿಗೆ ಒಲ್ಲೆ ಅಂತಾನೇ ಬರ್ತದೆ. ನಾನು ಹೇಳಿದ್ದು ಅಂತ ಅನ್ನಿಸೋದೇ ಇಲ್ಲ."

ಆಮೇಲೆ ಕಂಬಿಯ ಸಂದಿನಿಂದ ಎರಡು ಬೆರಳು ಹೊರಗೆ ಹಾಕಿ ಅವಳ ತಲೆ ಮುಟ್ಟಿದ. "ಗುದುದ ಹೊರಗ್ ಬಂದ್ಮೇಲೆ ಅವನಿಗೆ ಹೇಳು, ನಾನ್ ಹೇಳ್ದೆ ಅಂತ. ನಿನ್ನನ್ನ ಮೇಜಿಗೆ ಸೇರಿಸ್ಕೋಬೇಕು. ತಡ ಮಾಡಬಾರ್ದು. ನಾನೇ ಕೈಯಾರೆ ರೊಟ್ಟಿ ಕೊಡ್ಬೇಕಿತ್ತು, ಅದೊಂದು ಆಗ್ತಾ ಇಲ್ಲ."

ಅವಳು ಅಳುತ್ತಾ ಎದ್ದಳು. ಕಾವಲಿನವನು ಉಳಿದ ಅಂಜೂರ ಬಾಯಿಗೆ ಹಾಕಿಕೊಂಡ.

ಎಂಟು ದಿನದ ಮೇಲೆ ರೊಗಾತನನ್ನು ಪಡುವಣ ಬಾಗಿಲಾಚೆ, ಸುಣ್ಣದ ಗೂಡಿನ ಬಯಲಿಗೆ ಕರೆತಂದರು. ಊರೆಲ್ಲ ನೆರೆದಿತ್ತು. ಕೋಳದಲ್ಲಿದ್ದ ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಇಬ್ಬರು ಹಿಡಿದುಕೊಂಡಿದ್ದರು. ಮೇಲುಹೊದಿಕೆ ತೆಗೆ ಎಂದಾಗ ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದ. ಒಗೆದ ಬಟ್ಟೆ ಗಿರಾಕಿಗೆ ಕೊಡುವಾಗ ಮಡಿಸುವ ಹಾಗೆ. ಯಾರೋ ನಕ್ಕರು. ಕೊನೆಯ ಮಡಿಕೆ ಹಾಕಿ, ಎಲ್ಲಿಡಲಿ ಎಂದು ಸುತ್ತ ನೋಡಿದ. ಎಲ್ಲೆಲ್ಲೂ ಸುಣ್ಣದ ಪುಡಿ. ಕಾವಲಿನವನೊಬ್ಬ ಕೈ ಚಾಚಿ ಇಸಕೊಂಡ. ಕತ್ತಿ ಎರಡು ಸಲ ಬೀಸಬೇಕಾಯಿತು. ಬಿರಿಕ್ತಾ ಎರಡನ್ನೂ ಕಂಡಳು.

ದೇಹವನ್ನು ಅಲ್ಲೇ ಬಿಟ್ಟರು. ಕ್ರಿಸ್ತನವರು ಬಂದು ಕೇಳಿದರೆ ಅವರನ್ನೂ ಹಿಡಿಯುವುದು, ಇಲ್ಲದಿದ್ದರೆ ನಾಯಿಗಳ ಪಾಲು. ಯಾರೂ ಬರಲಿಲ್ಲ. ಬಿಸಿಲು ಏರಿತು, ನೊಣ ಮುತ್ತಿತು. ಬಿರಿಕ್ತಾ ಗೂಡಿನ ನೆರಳಿನಿಂದ ಎದ್ದು ಕೊಡೆಯ ಕೆಳಗೆ ಕೂತಿದ್ದ ಕಪಿತೊನ ಮುಂದೆ ನಿಂತಳು.

"ಆ ಹೆಣ ಕೊಡಿ ಸ್ವಾಮಿ."

"ನಿಂಗ್ಯಾಕವ್ವ ಅದು?"

"ನಮ್ ಅಗಸರ ಕೂಟದಲ್ಲಿ ಹೆಸರಿರೋನು. ನಮ್ಮೋರ ಹೆಣ ನಾವೇ ಮಣ್ಣು ಮಾಡೋದು. ನಿಮ್ ಕಟ್ಟಳೇಲೇ ಐತೆ."

"ಚೀಟಿ?"

ಸೆರಗಿನ ಗಂಟಿನಿಂದ ತೆಗೆದು ಕೊಟ್ಟಳು. ಅವನು ತನ್ನದೇ ಅಕ್ಷರವನ್ನು ಎರಡು ಸಲ ಓದಿದ. ಸುತ್ತಲೂ ಜನ ಕಿವಿಗೊಟ್ಟಿದ್ದರು. ಅವರಲ್ಲಿ ಸಭೆಯವರೂ ಇದ್ದರು, ತಲೆಗೆ ಮುಸುಕು ಎಳೆದುಕೊಂಡು.

"ಎಲ್ಲರ ಮುಂದೆ ಬಾಯಿಬಿಟ್ಟು ಹೇಳು. ನೀನು ಅವರವಳಾ?"

ಗುಡಿಯಲ್ಲಿ ಕೈ ಮಾತ್ರ ಆಡಿತ್ತು. ಈಗ ಬಾಯಿಯೇ ಆಡಬೇಕಿತ್ತು. ನಾಯಿಯೊಂದು ಆಗಲೇ ಹತ್ತಿರ ಬಂದು ಮೂಸುತ್ತಿತ್ತು.

"ಅಲ್ಲ," ಎಂದಳು. "ನಾನು ಅವರವಳಲ್ಲ."

"ತಗೊಂಡ್ ಹೋಗು."

ಅಗಸರ ಕೂಟದ ನಾಲ್ಕು ಜನ ಬಟ್ಟೆ ಹೊರುವ ಚಟ್ಟದ ಮೇಲೆ ಅವನನ್ನು ಕೇರಿಗೆ ತಂದರು. ತೊಟ್ಟಿಗಳ ಪಕ್ಕದ ಹಾಸುಗಲ್ಲಿನ ಮೇಲೆ ಮಲಗಿಸಿದರು. ಬಿರಿಕ್ತಾ ಒಬ್ಬಳೇ ರಕ್ತಕ್ಕೆ ಅಂಟಿದ ಅಂಗಿ ಬಿಡಿಸುತ್ತಿದ್ದಾಗ ಬೆನ್ನ ಹಿಂದೆ ನೀರಿನ ಕೊಡ ಇಟ್ಟ ಸದ್ದಾಯಿತು. ಸಾನಾಮೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು.

"ಬಿಸಿನೀರು ಬ್ಯಾಡ ಅವ್ವ, ರಕ್ತ ಹೆಪ್ಪುಗಟ್ತದೆ. ತಣ್ಣೀರು ಹಾಕು."

ಇಬ್ಬರೂ ಸೇರಿ ತೊಳೆದರು. ಕಾಲಿನ ಕೋಳದ ಗಾಯ, ಹಿಮ್ಮಡಿಯ ಹಳೆಯ ಸೀಳು, ಎಲ್ಲ. ಕತ್ತನ್ನು ಬಿಳಿಯ ಉಣ್ಣೆಪಟ್ಟಿಯಿಂದ ಸುತ್ತಿ ಕೂಡಿಸಿದರು. ಅದು ತುಂಬ ಒಳ್ಳೆಯ ಬಟ್ಟೆ, ಯಾರೋ ಗಿರಾಕಿಯದು. ಇಳಿಹೊತ್ತಿಗೆ ಅಗಸರ ಗೋರಿಬಯಲಿನಲ್ಲಿ ಮಣ್ಣು ಮಾಡಿದರು. ಪ್ರಾರ್ಥನೆ ಹೇಳಲು ತನಗೆ ಬಾಯಿಲ್ಲವೆಂದು ಬಿರಿಕ್ತಾ ಸುಮ್ಮನಿದ್ದಳು. ಸಾನಾಮೆ ಹೇಳಿದಳು.

ಮುಂದಿನ ವರ್ಷ ಆ ಚಕ್ರವರ್ತಿ ಯುದ್ಧದಲ್ಲಿ ಸತ್ತ. ಸೆರೆಯಲ್ಲಿದ್ದವರು ಹೊರಬಂದರು. ಗುದುದ ಬಂದಾಗ ಬಲಗೈಯ ಮೂರು ಬೆರಳು ಇರಲಿಲ್ಲ. ಜನ ಅವನ ಕೈಗೆ ಮುತ್ತಿಟ್ಟು ಅವನನ್ನೇ ಬಿಷಪ್ ಮಾಡಿದರು.

ಧೂಪ ಹಾಕಿದವರು ಮೇಜಿಗೆ ಮರಳುವುದು ಹೇಗೆ ಎಂಬ ಜಗಳ ಆಗ ಶುರುವಾಯಿತು. ಸೆರೆಯಲ್ಲಿ ಸತ್ತವರು ತಮ್ಮನ್ನು ಕ್ಷಮಿಸಿದ್ದರೆಂದು ಹೇಳಿಕೊಂಡು ದಿನವೂ ಯಾರಾದರೊಬ್ಬರು ಬರುತ್ತಿದ್ದರು. ಕೆಲವರ ಬಳಿ ಓಲೆ ಇತ್ತು, ಕೆಲವರ ಬಳಿ ಬರೀ ಮಾತು. ಎಣ್ಣೆಗಾಣದ ಒಡತಿ ಕೂಡ ರೊಗಾತನ ಹೆಸರಿನ ಓಲೆಯೊಂದನ್ನು ತಂದಳು. ರೊಗಾತನಿಗೆ ಬರೆಯಲು ಬರುತ್ತಿರಲಿಲ್ಲ.

"ಸತ್ತೋರ ಬಾಯಿಗೆ ಮಾತು ತುರುಕಬೇಡಿ! ಇನ್ನು ಮೇಲೆ ಯಾವ ಓಲೆನೂ ನೋಡಲ್ಲ, ಯಾರ ಮಾತೂ ಕೇಳಲ್ಲ. ಸಾಯೋ ಹೊತ್ತಿನ ತನಕ ಬಾಗಿಲಾಚೆ ನಿಂತು ಅಳಿ," ಎಂದು ಗುದುದ ಕೂಗಿದ.

ಮನೆಯಲ್ಲಿ ಸಾನಾಮೆ ಕೇಳಿದಳು, "ರೊಗಾತಪ್ಪ ಕಂಬಿ ಹತ್ರ ಹೇಳಿದ್ದನ್ನ ನೀನ್ಯಾಕೆ ಗುದುದಪ್ಪಂಗೆ ಹೇಳಲ್ಲ? ನಿಂದು ನಿಜವಾದ ಮಾತಲ್ವಾ?"

"ಎಲ್ರೂ ನಿಜ ಅಂತಾನೇ ಹೇಳ್ತಾವ್ರೆ. ಅವರ ಸಾಲಲ್ಲಿ ನಾನೂ ನಿಂತ್ಕೊಂಡು ಅವನ ಹೆಸರು ಮಾರ್ಲಾ? ನಂಗ್ ಗೊತ್ತಲ್ಲ. ಸಾಕು."

ಸಾನಾಮೆ ತಾನಾಗಿ ಧೂಪ ಹಾಕಿರಲಿಲ್ಲವಾದ್ದರಿಂದ ಅವಳನ್ನು ಒಳಗೆ ಬಿಟ್ಟರು. ಬಿರಿಕ್ತಾ ಬಾಗಿಲಾಚೆ ನಿಂತಳು. ಮಳೆಯಲ್ಲೂ ನಿಂತಳು, ಬಿಸಿಗಾಳಿಯಲ್ಲೂ ನಿಂತಳು. ಸಭೆಯವರು ಒಳಗೆ ಹೋಗುವಾಗ ಅವಳಿಂದ ದೂರ ಸರಿದು ಹೋಗುತ್ತಿದ್ದರು. ಧೂಪ ಹಾಕಿದವರು ಬೇರೆಯವರೂ ಅಲ್ಲಿದ್ದರು. ಆದರೆ ಊರೆಲ್ಲ ಕೇಳುವಂತೆ ನಾನು ಅವರವಳಲ್ಲ ಎಂದವಳು ಇವಳೊಬ್ಬಳೇ.

ರೊಗಾತ ಸತ್ತ ದಿನ ಬಂದಾಗ ಅವನ ಗೋರಿಯ ಬಳಿ ಎಲ್ಲರೂ ಸೇರಿದರು. ಗುದುದ ಅವನ ಸಾವಿನ ಕಥೆ ಹೇಳಿದ. ರೊಗಾತ ನಗುನಗುತ್ತಾ ಸಿಂಹದಂತೆ ನಡೆದುಬಂದನಂತೆ. ಕತ್ತಿ ಒಂದೇ ಏಟಿಗೆ ಬಿತ್ತಂತೆ. ನಂಬಿಗಸ್ತ ಸೋದರರು ಪ್ರಾಣದ ಹಂಗು ತೊರೆದು ಬಂದು ದೇಹವನ್ನು ಎತ್ತಿ, ಪರಿಮಳ ದ್ರವ್ಯ ಹಚ್ಚಿ ಮಣ್ಣು ಮಾಡಿದರಂತೆ. ಮುಸುಕು ಎಳೆದುಕೊಂಡು ನಿಂತು ನೋಡಿದ್ದವರು ತಲೆಯಾಡಿಸಿದರು. ಸಾನಾಮೆ ಎದ್ದುನಿಲ್ಲಲು ಹೋದಳು. ದೂರದಲ್ಲಿ, ಪಶ್ಚಾತ್ತಾಪದವರ ಸಾಲಿನಲ್ಲಿದ್ದ ಬಿರಿಕ್ತಾ ಅವಳನ್ನೇ ನೋಡುತ್ತಾ ಬೇಡ ಎಂದು ಕೈ ಆಡಿಸಿದಳು. ಸಾನಾಮೆ ಕೂತಳು.

ಮರುವರ್ಷ ಬೇನೆ ಬಂತು. ಕಣ್ಣು ಕೆಂಪಾಗಿ, ಗಂಟಲು ಹುಣ್ಣಾಗಿ, ಹೊಟ್ಟೆ ನೀರಾಗಿ ಹರಿದು ಜನ ಬೀದಿಯಲ್ಲೇ ಸತ್ತರು. ಮನೆಯವರು ಮನೆಯವರನ್ನೇ ಹೊರಗೆ ಹಾಕಿದರು. ಬಿರಿಕ್ತಾ ಹೊಲಸು ಕಂಡು ಹೇಸುವವಳಲ್ಲ. ಎಣ್ಣೆಗಾಣದ ಒಡತಿಯನ್ನು ಅವಳೇ ತೊಳೆದು ಮಲಗಿಸಿದಳು. ಕಪಿತೊನಿಗೆ ಅವಳೇ ಕೊನೆಯ ಗುಟುಕು ನೀರು ಬಿಟ್ಟಳು. ಇಪ್ಪತ್ತೆರಡನೆಯ ದಿನ ಅವಳ ಕಣ್ಣೂ ಕೆಂಪಾಯಿತು.

ಸಾಯುವವರಿಗೆ ರೊಟ್ಟಿ ಕೊಡಬಹುದು ಎಂಬುದು ಗುದುದ ಮಾಡಿದ್ದ ಕಟ್ಟಳೆಯೇ. ಸಾನಾಮೆ ಓಡಿಹೋಗಿ ಕರೆದಳು. ಅವನು ಅಂಜದೆ ಬಂದ, ಚಾಪೆಯ ಪಕ್ಕ ಕೂತ. ರೊಟ್ಟಿ ತೆಗೆಯುವ ಮುನ್ನ ಸಾನಾಮೆ ಎಲ್ಲವನ್ನೂ ಬಡಬಡನೆ ಹೇಳಿಬಿಟ್ಟಳು: ಕಂಬಿಯ ಹತ್ತಿರದ ಮಾತು, ಸುಣ್ಣದ ಬಯಲು, ತಣ್ಣೀರು, ಕತ್ತಿನ ಪಟ್ಟಿ.

ಗುದುದ ಚಾಪೆಯ ಕಡೆಗೆ ಬಾಗಿದ.

"ಯಾಕಕ್ಕ ನನಗೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ಯಾ ಅಪ್ಪ?"

ಅವಳ ಬಾಯಿಂದ ಆ ಅಪ್ಪ ಎಂಬ ಮಾತು ಬಂದಾಗ ಅವನಿಗೆ ಏಟು ಬಿದ್ದಂತಾಯಿತು.

"ಇಲ್ಲ," ಎಂದ. "ನಂಬ್ತಿರಲಿಲ್ಲ."

"ಮತ್ತೆ?"

ಅವನು ಎರಡು ಬೆರಳಲ್ಲಿ ರೊಟ್ಟಿ ಮುರಿದ. ಗಂಟಲು ಹುಣ್ಣಾಗಿದ್ದರಿಂದ ನೀರಲ್ಲಿ ಅದ್ದಿ, ಒಂದು ಕಾಳಿನಷ್ಟು ನಾಲಿಗೆಯ ಮೇಲಿಟ್ಟ. ಅವಳು ಅದನ್ನು ನುಂಗಲು ತುಂಬ ಹೊತ್ತು ಹಿಡಿಯಿತು. ನುಂಗಿ, ಅವನಿಗೆ ಕಾಣಲೆಂದು ಬಾಯಿ ತೆರೆದು ತೋರಿಸಿದಳು. ಯಾಕೆ ಹಾಗೆ ಮಾಡಿದಳೆಂದು ಗುದುದನಿಗೆ ತಿಳಿಯಲಿಲ್ಲ. ಗುಡಿಯಲ್ಲಿ ನಡೆದದ್ದನ್ನು ಅವ್ವನಿಂದ ಕೇಳಿದ್ದ ಸಾನಾಮೆ ಮುಖ ಮುಚ್ಚಿಕೊಂಡು ಅತ್ತಳು. ಎರಡು ದಿನ ಜೀವ ಹಿಡಿದಿದ್ದು ಮೂರನೆಯ ದಿನ ಬಿರಿಕ್ತಾ ಹೋದಳು. ಅಷ್ಟು ಹೊತ್ತಿಗೆ ಅಗಸರ ಗೋರಿಬಯಲು ತುಂಬಿತ್ತು. ರೊಗಾತನ ಅಕ್ಕಪಕ್ಕದ ಜಾಗವನ್ನು ಸಭೆಯ ದೊಡ್ಡವರು ತಮಗೆಂದು ಹಿಡಿದಿಟ್ಟುಕೊಂಡಿದ್ದರು. ಬೇನೆಯಲ್ಲಿ ಸತ್ತವರ ದೊಡ್ಡ ಗುಂಡಿಯಲ್ಲಿ ಅವಳನ್ನು ಇಟ್ಟು ಸುಣ್ಣ ಸುರಿದರು.

ಆ ವರ್ಷ ಗೋರಿಯ ಬಳಿ ಗುದುದ ಕಥೆಯನ್ನು ಬದಲಿಸಿ ಹೇಳಿದ. ರೊಗಾತ ಹೆದರಿದ್ದ ಎಂದ. ಧೂಪ ಹಾಕಿದ ಅಗಸಗಿತ್ತಿ ಬಿರಿಕ್ತಾ ಅವನ ಹೆಣ ಬೇಡಿ ತಂದು ತೊಳೆದಳು, ನಾವ್ಯಾರೂ ಹೋಗಲಿಲ್ಲ ಎಂದ. ಜನ ಗುಸುಗುಸು ಎಂದರು. ಮೂರು ಮನೆಯವರು ಎದ್ದು ಹೊರಟುಹೋದರು. ಗುದುದ ಮಾತ್ರ ಪ್ರತಿ ವರ್ಷವೂ ಅದನ್ನೇ ಹೇಳಿದ. ಐದು ವರ್ಷಕ್ಕೆ ಇನ್ನೊಬ್ಬ ಚಕ್ರವರ್ತಿಯ ಆಜ್ಞೆ ಬಂದು, ಅದೇ ಸುಣ್ಣದ ಬಯಲಿನಲ್ಲಿ ಗುದುದನ ತಲೆಯೂ ಹೋಯಿತು. ಅವನ ನಂತರ ಬಂದ ಬಿಷಪ್ ಪರವೂರಿನವನು. ಗುದುದ ಮೊದಲ ಸಲ ಹೇಳಿದ್ದು ಸಭೆಯ ಹೊತ್ತಗೆಯಲ್ಲಿ ಬರೆದಿತ್ತು, ಆ ಹಳೆಯ ಕಥೆಯನ್ನೇ ಓದಿಸಿದ.

ಸಾನಾಮೆ ಆಮೇಲೂ ತಪ್ಪದೆ ಹೋಗುತ್ತಿದ್ದಳು. ನಂಬಿಗಸ್ತ ಸೋದರರು ಎಂಬ ಮಾತು ಬಂದಾಗ ಅವಳು ಪಕ್ಕದಲ್ಲಿ ಕೂತ ಮಗಳ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದಳು, "ನಿಮ್ಮಜ್ಜಿ ಕಣೆ ಅದು."

"ಗೊತ್ತವ್ವ, ಪ್ರತಿ ಸಲ ಹೇಳ್ತೀಯ," ಎನ್ನುತ್ತಿದ್ದಳು ಹುಡುಗಿ.